ಆಸ್ಪತ್ರೆಯ ಬಾಗಿಲವರೆಗೆ ಬಂದವರು

ಒಂದು ಕಾಲಕ್ಕೆ ತುಮಕೂರಿನ ಹೊರಗಣ ಹಳ್ಳಿಯಾಗಿದ್ದು, ಈಗ ನಗರವೇ ಬಂದು ಸುತ್ತುಗಟ್ಟಿದ ಮೇಲೆ ಬಡಾವಣೆಯ ಹೆಸರಾಗಿ ಉಳಿದಿರುವ ಶೆಟ್ಟಿಹಳ್ಳಿಯಾಗಲಿ, ಗುಬ್ಬಿಯ ಕಡೆಗೂ ಕುಣಿಗಲಿನ ಕಡೆಗೂ ಅದೇ ಹೆಸರನ್ನು ಹೊತ್ತಿರುವ ಸಣ್ಣ ಊರುಗಳಾಗಲಿ, ಚರಿತ್ರಕಾರರ ಕಣ್ಣಿಗೆ ಬಿದ್ದ ಸ್ಥಳಗಳಲ್ಲ. ಗುಬ್ಬಿಗೆ ನಾಟಕ ಕಂಪನಿಯ ಕೀರ್ತಿಯುಂಟು. ಕುಣಿಗಲಿಗೆ ದೊಡ್ಡ ಕೆರೆಯೂ ಹೆಸರಾಂತ ಕುದುರೆ ಫಾರಮ್ಮೂ ಉಂಟು. ಶೆಟ್ಟಿಹಳ್ಳಿಯಂಥ ಊರಿಗೆ ಹೇಳಿಕೊಳ್ಳಲು ರಾಗಿಯ ಹೊಲ, ನಾಲ್ಕು ತೆಂಗಿನ ಮರ, ಊರ ಮುಂದಣ ಗುಡಿ, ಇಷ್ಟೇ. ಆದರೂ 1960ನೆಯ ಇಸವಿಯ ಆಸುಪಾಸಿನಲ್ಲಿ, ತುಮಕೂರು ಜಿಲ್ಲೆಯ ಇಂಥ ಹಲವು ಹಳ್ಳಿಗಳ ರೈತರೂ ಕೂಲಿಯವರೂ ಹೆಂಗಸರೂ ತಮ್ಮ ಕೆಮ್ಮಿನ ವಿಷಯವಾಗಿ ಕೊಟ್ಟ ಸರಳವಾದ ಉತ್ತರಗಳು ಭಾರತದ ಕ್ಷಯನಿವಾರಣೆಯ ಕ್ರಮವನ್ನೇ ಬದಲಾಯಿಸಿದುವೆಂಬುದೂ, ಆಮೇಲೆ ಬಡದೇಶಗಳ ಆರೋಗ್ಯನೀತಿಯನ್ನು ಕುರಿತ ಚರ್ಚೆಯಲ್ಲೆಲ್ಲ ಅವುಗಳ ಪ್ರತಿಧ್ವನಿ ಕೇಳಿಬಂದಿತೆಂಬುದೂ ನಮ್ಮ ಜಿಲ್ಲೆಯವರಿಗೇ ಅಷ್ಟಾಗಿ ತಿಳಿಯದ ಸಂಗತಿ. ಅದನ್ನು ಸ್ವಲ್ಪ ವಿಸ್ತರಿಸಿ ಹೇಳುವುದು ಈ ಲೇಖನದ ಉದ್ದೇಶ.

ಕ್ಷಯವು ನಮ್ಮ ನಾಡಿಗೆ ಹೊಸಬನಲ್ಲ. ರೋಹಿಣಿಯೊಬ್ಬಳಲ್ಲಿಯೇ ಅನುರಕ್ತನಾದ ಚಂದ್ರನು ಮಾವನಾದ ದಕ್ಷನ ಶಾಪದಿಂದ ಈ ರೋಗಕ್ಕೆ ತುತ್ತಾದನೆಂಬ ಕಥೆಯನ್ನು ಆಯುರ್ವೇದದ ಗ್ರಂಥಗಳೇ ಹೇಳುತ್ತವೆ. ರಾಜಯಕ್ಷ್ಮವೆಂಬ ಹೆಸರಿಗೆ ಅದೇ ಮೂಲವೆಂದು ಹಿರಿಯರು ವಿವರಿಸುತ್ತಿದ್ದರು. ಹಳ್ಳಿಯಲ್ಲಿ ಆ ಹೆಸರನ್ನು ಬಾಯಿಬಿಟ್ಟು ಹೇಳುವವರು ಕಡಮೆ. ಮನೆಯಲ್ಲಿ ಕ್ಷಯವಿದೆಯೆಂಬ ಸುದ್ದಿ ಹೊರಬಿದ್ದರೆ ಹೆಣ್ಣು ಕೊಡುವವರೂ ಇಲ್ಲ, ತರುವವರೂ ಇಲ್ಲ. ಆದಕಾರಣ ಅದು ಬರಿಯ ಕೆಮ್ಮಾಗಿ, ನೆಗಡಿಯಾಗಿ, ಗೂರಲಾಗಿ, ಕಣ್ಣುದೃಷ್ಟಿಯಾಗಿ ಕರೆಸಿಕೊಳ್ಳುತ್ತಿದ್ದಿತು. ಅರಮನೆಗೂ ಈ ವ್ಯಾಧಿಯ ಪರಿಚಯವಿದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿಯಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರು ಕ್ಷಯಕ್ಕೆ ಬಲಿಯಾದರು. ಅವರ ಹೆಸರಿನಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕ್ಷಯರೋಗಿಗಳ ಆರೋಗ್ಯಧಾಮವು ಇಂದಿಗೂ ಇದೆ.

ಆ ಕಾಲದ ಚಿಕಿತ್ಸೆಯೆಂದರೆ ಆರೋಗ್ಯಧಾಮವೇ. ಗಾಳಿ, ಬೆಳಕು, ವಿಶ್ರಾಂತಿ, ಹಾಲು, ಮೊಟ್ಟೆ. ಇವೆಲ್ಲವೂ ಒಳ್ಳೆಯವೇ, ಆದರೆ ದಿನಗೂಲಿಯಿಂದ ಹೊಟ್ಟೆ ಹೊರೆಯುವವನಿಗೆ ವರ್ಷಗಟ್ಟಲೆ ವಿಶ್ರಾಂತಿಯೆಂಬುದು ಔಷಧಕ್ಕಿಂತ ದುರ್ಲಭವಾದ ವಸ್ತು. 1946ರಲ್ಲಿ ಭೋರ್ ಸಮಿತಿಯು ವರದಿ ಒಪ್ಪಿಸಿದಾಗ ಇಡೀ ಭಾರತದಲ್ಲಿ ಸುಮಾರು 25 ಲಕ್ಷ ಮಂದಿ ಕ್ಷಯರೋಗಿಗಳಿರುವರೆಂದೂ, ವರ್ಷಕ್ಕೆ 5 ಲಕ್ಷ ಮಂದಿ ಸಾಯುತ್ತಿರುವರೆಂದೂ, ಅವರಿಗಾಗಿ ಇರುವ ಹಾಸಿಗೆಗಳು ಸುಮಾರು 6,000 ಮಾತ್ರವೆಂದೂ ಅಂದಾಜಾಗಿದ್ದಿತು. ಈ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ, ಆರೋಗ್ಯಧಾಮಗಳ ದಾರಿಯಲ್ಲಿ ನಡೆದು ಈ ರೋಗವನ್ನು ಹಿಂದಿಕ್ಕುವುದು ಎಂದಿಗೂ ಸಾಧ್ಯವಾಗದೆಂಬುದು ಬೇರೆ ಯಾರೂ ಹೇಳದೆಯೇ ತಿಳಿಯುವಂತಿದ್ದಿತು.

ದಾರಿ ಬದಲಾದುದು ಔಷಧಗಳಿಂದ. ಸ್ಟ್ರೆಪ್ಟೊಮೈಸಿನ್ 1940ರ ದಶಕದಲ್ಲಿಯೂ, ಐಸೊನಿಯಜಿಡ್ 1952ರಲ್ಲಿಯೂ ಬಳಕೆಗೆ ಬಂದುವು. ಈ ಎರಡನೆಯದು ನುಂಗಬಹುದಾದ ಮಾತ್ರೆ, ಬೆಲೆಯೂ ಅಗ್ಗ. ಔಷಧವೇನೋ ಸಿಕ್ಕಿತು, ಆದರೆ ಗುಡಿಸಿಲಿನಲ್ಲಿರುವ ಬಡವನು ಅದನ್ನು ಮನೆಯಲ್ಲಿಟ್ಟುಕೊಂಡು ನುಂಗಿ ಗುಣವಾಗುವನೆ, ಅಥವಾ ಅವನನ್ನು ಆಸ್ಪತ್ರೆಯ ಹಾಸಿಗೆಗೆ ಕಟ್ಟಿಹಾಕಲೇಬೇಕೆ ಎಂಬ ಪ್ರಶ್ನೆ ಉಳಿಯಿತು. ಅದಕ್ಕೆ ಉತ್ತರವಿತ್ತುದು ಮದರಾಸು. 1956ರಲ್ಲಿ ಅಲ್ಲಿ ಆರಂಭವಾದ ಪರೀಕ್ಷೆಯೊಂದರಲ್ಲಿ, 193 ಮಂದಿ ಬಡ ರೋಗಿಗಳನ್ನು ಎರಡು ಭಾಗ ಮಾಡಿ, ಒಂದು ಭಾಗದವರನ್ನು ಆರೋಗ್ಯಧಾಮದಲ್ಲಿಟ್ಟು, ಇನ್ನೊಂದು ಭಾಗದವರನ್ನು ಅವರವರ ಇಕ್ಕಟ್ಟಾದ ಮನೆಗಳಲ್ಲಿಯೇ ಬಿಟ್ಟು, ಇಬ್ಬರಿಗೂ ಒಂದೇ ಔಷಧವನ್ನು ಒಂದು ವರ್ಷ ಕೊಟ್ಟು ನೋಡಿದರು. ಮನೆಯಲ್ಲುಳಿದ ರೋಗಿಗಳ ಊಟ ಕೀಳಾಗಿದ್ದಿತು, ಕೆಲಸವೂ ಹೆಚ್ಚಾಗಿದ್ದಿತು. ಆದರೂ ಗುಣವಾದವರ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಮನೆಯಲ್ಲಿ ರೋಗಿಯನ್ನಿಟ್ಟುಕೊಂಡುದರಿಂದ ಮನೆಮಂದಿಗೆ ಹೆಚ್ಚಿನ ಅಪಾಯವಾದಂತೆಯೂ ತೋರಲಿಲ್ಲ. 1959ರಲ್ಲಿ ಈ ಫಲಿತಾಂಶವು ಪ್ರಕಟವಾದ ಮೇಲೆ ಆರೋಗ್ಯಧಾಮಗಳ ಯುಗವು ಮುಗಿಯಿತೆಂದು ಹೇಳಬಹುದು.

ಅದೇ 1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯ ‘ಅವಲಾನ್’ ಎಂಬ ಬಂಗಲೆಯಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಮತ್ತು ಯುನಿಸೆಫ್‌ನ ನೆರವಿನಿಂದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಸ್ಥಾಪಿತವಾಯಿತು. ಮರುವರ್ಷ ಸೆಪ್ಟೆಂಬರ್ 16ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅವರು ಅದನ್ನು ಉದ್ಘಾಟಿಸಿದರು. ಇಡೀ ದೇಶಕ್ಕೆ ಹೊಂದುವ, ದೇಶದ ಬಡತನಕ್ಕೂ ಹೊಂದುವ, ಕ್ಷಯನಿಯಂತ್ರಣದ ಒಂದು ಕ್ರಮವನ್ನು ರೂಪಿಸಿಕೊಡುವುದು ಅದರ ಹೊಣೆ. ವೈದ್ಯರ ಜೊತೆಗೆ ಸಂಖ್ಯಾಶಾಸ್ತ್ರಜ್ಞರನ್ನೂ ಸಮಾಜಶಾಸ್ತ್ರಜ್ಞರನ್ನೂ ಒಂದೇ ಮೇಜಿನ ಸುತ್ತ ಕೂರಿಸಿದುದು ಈ ಸಂಸ್ಥೆಯ ವಿಶೇಷ; ಆ ದಿನಗಳಲ್ಲಿ ಇದು ಅಪರೂಪವಾದ ಏರ್ಪಾಟು. ಭಾರತದಲ್ಲಿ ಹತ್ತು ವರ್ಷ ಕೆಲಸಮಾಡಿದ ಡೆನ್ಮಾರ್ಕಿನ ವೈದ್ಯ ಹಾಫ್ಡಾನ್ ಮಾಲರ್ ಈ ಸಂಸ್ಥೆಯ ಹುಟ್ಟಿಗೆ ದುಡಿದವರಲ್ಲಿ ಒಬ್ಬರು. ಮುಂದೆ 1973ರಿಂದ 1988ರವರೆಗೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾಗಿ, ಪ್ರಾಥಮಿಕ ಆರೋಗ್ಯವೇ ಎಲ್ಲಕ್ಕೂ ಬುನಾದಿಯೆಂದು 1978ರ ಅಲ್ಮಾ ಅಟಾ ಸಮ್ಮೇಳನದಲ್ಲಿ ಸಾರಿದವರು ಇವರೇ. ಬೆಂಗಳೂರಿನ ಆ ವರ್ಷಗಳಿಗೂ ಅಲ್ಮಾ ಅಟಾದ ಘೋಷಣೆಗೂ ನಡುವೆ ಒಂದು ನೇರವಾದ ಎಳೆಯಿದೆಯೆಂದೇ ನಾನು ತಿಳಿದಿದ್ದೇನೆ.

ಸಂಸ್ಥೆಯು ತನ್ನ ಮೊದಲ ದೊಡ್ಡ ಕೆಲಸಕ್ಕೆ ಆರಿಸಿಕೊಂಡುದು ತುಮಕೂರು ಜಿಲ್ಲೆಯನ್ನು. ಬೆಂಗಳೂರಿಗೆ ಹತ್ತಿರ, ಆದರೂ ಬೆಂಗಳೂರಿನ ನೆರಳಿನಲ್ಲಿಲ್ಲದ ಅಪ್ಪಟ ಗ್ರಾಮೀಣ ಜಿಲ್ಲೆ. ಗುಬ್ಬಿ ತಿಪಟೂರುಗಳ ತೋಟದ ಸೀಮೆಯೂ ಉಂಟು, ಪಾವಗಡ ಮಧುಗಿರಿಗಳ ಬರಡು ನೆಲವೂ ಉಂಟು. 1960–61ರಲ್ಲಿ ಈ ಜಿಲ್ಲೆಯ 62 ಹಳ್ಳಿಗಳಲ್ಲಿಯೂ 4 ಪಟ್ಟಣಗಳಲ್ಲಿಯೂ ಸಮೀಕ್ಷೆ ನಡೆಯಿತು. ಮೊದಲು ಮನೆಮನೆಗೂ ಹೋಗಿ ಜನರನ್ನು ಹೆಸರು ಹಿಡಿದು ಬರೆದುಕೊಳ್ಳುವುದು. ಆಮೇಲೆ ಸೋಂಕಿದೆಯೆ ಎಂದು ತಿಳಿಯಲು ಮುಂದೋಳಿನ ಚರ್ಮದೊಳಗೆ ಟ್ಯೂಬರ್ಕುಲಿನ್‌ನ ಒಂದು ತೊಟ್ಟನ್ನು ಚುಚ್ಚಿ, ಮೂರು ನಾಲ್ಕು ದಿನ ಬಿಟ್ಟು ಬಂದು, ಅಲ್ಲಿ ಎದ್ದ ಗಡಸು ಬಾವಿನ ಅಗಲವನ್ನು ಮಿಲಿಮೀಟರಿನ ಲೆಕ್ಕದಲ್ಲಿ ಅಳೆಯುವುದು. ದೊಡ್ಡವರನ್ನು ಎಕ್ಸ್‌ರೇ ಯಂತ್ರದ ಮುಂದೆ ನಿಲ್ಲಿಸುವುದು. ಎದೆಯ ಚಿತ್ರದಲ್ಲಿ ನೆರಳು ಕಂಡವರ ಕಫವನ್ನು ತೆಗೆದುಕೊಂಡು ಹೋಗಿ ಪರೀಕ್ಷಿಸುವುದು. ಕೆಲಸಕ್ಕೆ ಹೋಗುವ ಹೊತ್ತಿನಲ್ಲಿ ಹೊಲದವರನ್ನು ತಡೆದು, ಸೂಜಿಗೆ ಹೆದರಿ ಹಿತ್ತಿಲಿಗೆ ಓಡುವ ಮಕ್ಕಳನ್ನು ಪುಸಲಾಯಿಸಿ, ಊರಿನ ಬಹುಪಾಲು ಜನರನ್ನು ಪರೀಕ್ಷಿಸುವುದೆಂದರೆ ಎಷ್ಟು ಸಹನೆಯ ಕೆಲಸವೆಂಬುದನ್ನು ಹಳ್ಳಿಯನ್ನು ಬಲ್ಲವರು ಊಹಿಸಬಲ್ಲರು.

ಫಲಿತಾಂಶವು ಮನಸ್ಸಿಗೆ ನಾಟುವಂತಿದ್ದಿತು. ಜನರಲ್ಲಿ ನೂರಕ್ಕೆ ಸುಮಾರು 38 ಮಂದಿಯ ದೇಹದಲ್ಲಿ ಕ್ಷಯದ ಸೋಂಕು ಈಗಾಗಲೇ ಹೊಕ್ಕಿದ್ದಿತು. ಅವರಲ್ಲಿ ಬಹುಮಂದಿ ಆರೋಗ್ಯವಾಗಿಯೇ ಇದ್ದರು, ಸೋಂಕು ಬೂದಿ ಮುಚ್ಚಿದ ಕೆಂಡದಂತೆ ಒಳಗಿದ್ದಿತು. ಎಕ್ಸ್‌ರೇಯಲ್ಲಿ ರೋಗದ ಗುರುತು ಕಂಡವರು ನೂರಕ್ಕೆ ಇಬ್ಬರಿಗೆ ಹತ್ತಿರ; ಕಫದಲ್ಲಿ ರೋಗಾಣು ಇದ್ದು, ಕೆಮ್ಮಿದಾಗಲೆಲ್ಲ ಇತರರಿಗೆ ಹಂಚುತ್ತಿದ್ದವರು ಸಾವಿರಕ್ಕೆ ಸುಮಾರು ನಾಲ್ವರು. ಸಾವಿರಕ್ಕೆ ನಾಲ್ವರೆಂದರೆ ಹಳ್ಳಿಯ ಲೆಕ್ಕದಲ್ಲಿ ಊರಿಗೊಬ್ಬರು, ಇಬ್ಬರು. ಕ್ಷಯವು ಗಿರಣಿಗಳ ಊರಿನ, ಇಕ್ಕಟ್ಟಾದ ಓಣಿಗಳ ರೋಗವೆಂದು ಓದುಬಲ್ಲವರು ನಂಬಿಕೊಂಡಿದ್ದ ಕಾಲವದು. ಹಳ್ಳಿಗಾಳಿಯು ಯಾರನ್ನೂ ಕಾಪಾಡುತ್ತಿಲ್ಲವೆಂಬುದನ್ನು ಭಾರತೀಯ ವೈದ್ಯಸಂಶೋಧನಾ ಪರಿಷತ್ತಿನವರು 1955–58ರಲ್ಲಿ ನಡೆಸಿದ ಅಖಿಲ ಭಾರತ ಸಮೀಕ್ಷೆಯೇ ಹೇಳಿದ್ದಿತು. ತುಮಕೂರು ಅದನ್ನು ಸ್ಥಿರಪಡಿಸಿತು.

ಈ ಅಂಕಿಗಳಿಗಿಂತಲೂ ನನಗೆ ಹೆಚ್ಚಿನದಾಗಿ ತೋರುವುದು, ಸಮೀಕ್ಷೆಯ ವ್ಯಾನು ಹೊರಟುಹೋದ ಕೆಲವು ವಾರಗಳಲ್ಲಿಯೇ ಅದರ ಹಿಂದೆ ನಡೆದುಬಂದ ಇನ್ನೊಂದು ತಂಡದ ಕೆಲಸ. ದೇಬಬರ್ ಬ್ಯಾನರ್ಜಿ ಎಂಬ ವೈದ್ಯರೂ ಸ್ಟಿಗ್ ಆಂಡರ್ಸನ್ ಎಂಬ ಡೇನಿಷ್ ಸಮಾಜಶಾಸ್ತ್ರಜ್ಞರೂ ಸೇರಿ ಯೋಜಿಸಿದ ಈ ಅಧ್ಯಯನವು ಜಿಲ್ಲೆಯ 34 ಹಳ್ಳಿಗಳಲ್ಲಿಯೂ 4 ಪಟ್ಟಣಗಳಲ್ಲಿಯೂ ನಡೆಯಿತು. ಎಕ್ಸ್‌ರೇಯಲ್ಲಿ ರೋಗ ಕಂಡವರನ್ನೂ, ಎದೆ ಶುದ್ಧವಾಗಿದ್ದ ಅಷ್ಟೇ ಸಂಖ್ಯೆಯ ಇತರರನ್ನೂ ಬೆರೆಸಿ ಪಟ್ಟಿಮಾಡಿ, ಯಾರು ರೋಗಿ ಯಾರು ಅಲ್ಲವೆಂಬುದನ್ನು ಕೇಳುವವರಿಗೂ ತಿಳಿಸದೆ, ಅವರನ್ನು ಜನರ ಬಳಿಗೆ ಕಳುಹಿಸಿದರು. ಕೇಳುವವನ ಮನಸ್ಸಿನಲ್ಲಿರುವ ಊಹೆ ಉತ್ತರವನ್ನು ಎಳೆದುಕೊಳ್ಳಬಾರದೆಂಬುದು ಈ ಎಚ್ಚರಿಕೆಯ ಉದ್ದೇಶ. ಕ್ಷಯವೆಂಬ ಶಬ್ದವನ್ನು ಮುಂದಿಟ್ಟು ಕೇಳುವಂತಿರಲಿಲ್ಲ. ಮೈಯಲ್ಲಿ ಏನಾದರೂ ತೊಂದರೆಯುಂಟೆ, ಎಷ್ಟು ದಿನದಿಂದ, ಅದರಿಂದ ಮನಸ್ಸಿಗೆ ಕಳವಳವುಂಟೆ, ಅದಕ್ಕಾಗಿ ಎಲ್ಲಿಗೆ ಹೋದಿರಿ, ಏನು ಮಾಡಿದಿರಿ ಎಂದು, ಮನೆಗೆ ಬಂದ ನೆಂಟರು ಯೋಗಕ್ಷೇಮ ವಿಚಾರಿಸುವ ಧಾಟಿಯಲ್ಲಿ ಮಾತು ಸಾಗಬೇಕಾಗಿದ್ದಿತು.

ಅದುವರೆಗೆ ವಿದ್ಯಾವಂತರಲ್ಲಿ ಬೇರೂರಿದ್ದ ಅಭಿಪ್ರಾಯವೇನೆಂದರೆ: ಹಳ್ಳಿಗರು ಅಜ್ಞಾನಿಗಳು, ರೋಗವು ಮೈಯನ್ನು ತಿಂದುಹಾಕುವವರೆಗೂ ಅವರಿಗೆ ಅದರ ಪರಿವೆಯಿರದು, ಪರಿವೆಯಾದರೂ ಮಂತ್ರವಾದಿಯ ಬಳಿಗೆ ಹೋಗುವರೇ ಹೊರತು ವೈದ್ಯರಲ್ಲಿಗೆ ಬರುವವರಲ್ಲ, ಆದುದರಿಂದ ಎಕ್ಸ್‌ರೇ ವ್ಯಾನುಗಳನ್ನು ಊರೂರಿಗೆ ಅಟ್ಟಿ ಇವರನ್ನು ಹುಡುಕಿ ಹಿಡಿಯಬೇಕು. ತುಮಕೂರಿನ ಹಳ್ಳಿಗಳು ಈ ಅಭಿಪ್ರಾಯವನ್ನು ಬುಡಸಹಿತ ಕಿತ್ತುಹಾಕಿದುವು. ಕಫದಲ್ಲಿ ರೋಗಾಣು ಇದ್ದವರಲ್ಲಿ ಶೇ. 95ರಷ್ಟು ಮಂದಿ ತಮಗೆ ಏನೋ ಆಗಿದೆಯೆಂಬುದನ್ನು ಸ್ಪಷ್ಟವಾಗಿ ಬಲ್ಲವರಾಗಿದ್ದರು. ಹೇಳಿಕೊಂಡ ಲಕ್ಷಣಗಳಲ್ಲಿ ಕೆಮ್ಮೇ ಮೊದಲನೆಯದು. ಮುಕ್ಕಾಲು ಪಾಲಿಗೆ ಹತ್ತಿರದಷ್ಟು ಮಂದಿ ಅದರಿಂದ ಕಳವಳಗೊಂಡಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿ ಯಾರ ಉಪದೇಶಕ್ಕೂ ಕಾಯದೆ, ತಾವಾಗಿಯೇ ನಡೆದೋ ಗಾಡಿ ಕಟ್ಟಿಕೊಂಡೋ ಸರ್ಕಾರದ ಆಸ್ಪತ್ರೆಗೋ ಡಿಸ್ಪೆನ್ಸರಿಗೋ ಹೋಗಿಬಂದಿದ್ದರು.

ಹೋಗಿಬಂದವರಿಗೆ ಅಲ್ಲಿ ಸಿಕ್ಕಿದುದೇನು? ಆ ಕಾಲದ ಡಿಸ್ಪೆನ್ಸರಿಯನ್ನು ಕಂಡವರಿಗೆ ಇದನ್ನು ವರ್ಣಿಸಿ ಹೇಳಬೇಕಾಗಿಲ್ಲ. ರೋಗಿಯು ಮನೆಯಿಂದಲೇ ತೊಳೆದ ಶೀಸೆಯೊಂದನ್ನು ಹಿಡಿದು ಬರುವನು. ‘ಕೆಮ್ಮು ಸ್ವಾಮಿ, ರಾತ್ರಿಯೆಲ್ಲ ನಿದ್ದೆಯಿಲ್ಲ’ ಎನ್ನುವನು. ಎದುರಿಗಿರುವ ವೈದ್ಯರಿಗೆ ಆ ಬೆಳಗ್ಗೆ ನೋಡಬೇಕಾದವರು ಇನ್ನೂ ಬಹಳ ಮಂದಿ. ಚೀಟಿಯ ಮೇಲೆ ಎರಡಕ್ಷರ ಗೀಚುವುದರೊಳಗೆ ಮುಂದಿನವನು ಮುಂದೆ ಬಂದಿರುವನು. ಕಾಂಪೌಂಡರು ದೊಡ್ಡ ಜಾಡಿಯಿಂದ ಕೆಂಪು ಮಿಕ್ಸ್‌ಚರನ್ನು ಶೀಸೆಗೆ ಹೊಯ್ದು, ಕಾಗದದ ಪಟ್ಟಿಯನ್ನು ಹಲ್ಲುಹಲ್ಲಾಗಿ ಕತ್ತರಿಸಿ, ಹೊತ್ತಿಗೆ ಎಷ್ಟೆಂಬುದನ್ನು ತೋರಿಸಲು ಅದರ ಹೊರಮೈಗೆ ಅಂಟಿಸಿಕೊಡುವನು. ಮಿಕ್ಸ್‌ಚರು ಮುಗಿಯುವುದು, ಕೆಮ್ಮು ಮುಗಿಯದು. ಎರಡನೆಯ ಸಲ, ಮೂರನೆಯ ಸಲ ಬಂದವನು ನಾಲ್ಕನೆಯ ಸಲ ಬರುವುದಿಲ್ಲ. ಆಮೇಲೆ ಮಂತ್ರವಾದಿಯ ಬಳಿಗೆ ಹೋದನೆಂದು ನಾವು ಅವನನ್ನು ದೂಷಿಸುತ್ತೇವೆ. ರೋಗಿಯು ಬಾಗಿಲವರೆಗೆ ಬಂದಿದ್ದನು. ಬಾಗಿಲು ಅವನನ್ನು ಗುರುತಿಸಲಿಲ್ಲ. ಬ್ಯಾನರ್ಜಿಯವರೂ ಆಂಡರ್ಸನ್ನರೂ 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧವು ಶಾಸ್ತ್ರದ ಸಂಯಮದಲ್ಲಿ ಹೇಳಿದುದರ ಸಾರ ಇದೇ ಎಂದು ನಾನು ಓದಿಕೊಂಡಿದ್ದೇನೆ.

ಗುರುತಿಸಲು ಬೇಕಾಗಿದ್ದುದಾದರೂ ಎಷ್ಟು? ಕೆಮ್ಮಿ ತೆಗೆದ ಕಫದ ಹಳದಿ ಗಂಟನ್ನು ಕಡ್ಡಿಯ ತುದಿಯಿಂದ ಗಾಜಿನ ಪಟ್ಟಿಯ ಮೇಲೆ ತೆಳುವಾಗಿ ಹರಡಿ ಒಣಗಿಸಬೇಕು. ಅದರ ಮೇಲೆ ಕೆಂಪು ಬಣ್ಣದ ದ್ರಾವಣವನ್ನು ಸುರಿದು, ಹಬೆಯೇಳುವವರೆಗೆ ಕೆಳಗಿನಿಂದ ಜ್ವಾಲೆ ತೋರಿಸಬೇಕು, ಕುದಿಯಗೊಡಬಾರದು. ತೊಳೆದು ಆಮ್ಲ ಹಾಕಿದರೆ ಮಿಕ್ಕ ಎಲ್ಲವೂ ಬಣ್ಣ ಬಿಡುವುವು, ಮೇಣದ ಹೊದಿಕೆಯುಳ್ಳ ಕ್ಷಯದ ರೋಗಾಣುವೊಂದು ಮಾತ್ರ ಹಿಡಿದ ಬಣ್ಣವನ್ನು ಬಿಡುವುದಿಲ್ಲ. ಕಡೆಗೆ ನೀಲಿಯನ್ನು ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ನೀಲಿಯ ನೆಲದ ಮೇಲೆ ಸಣ್ಣ ಕೆಂಪು ಕಡ್ಡಿಗಳು ಕಾಣುವುವು. ರಾಬರ್ಟ್ ಕಾಖ್ ಮಹಾಶಯನು 1882ರಲ್ಲಿ ಈ ರೋಗಾಣುವನ್ನು ಜಗತ್ತಿಗೆ ತೋರಿಸಿದಂದಿನಿಂದ ಇದು ತಿಳಿದ ವಿದ್ಯೆ. ಪ್ರೌಢಶಾಲೆ ಓದಿದವನೊಬ್ಬನಿಗೆ ಕೆಲವು ವಾರಗಳಲ್ಲಿ ಕಲಿಸಬಹುದು. ಎಕ್ಸ್‌ರೇ ಯಂತ್ರಕ್ಕೆ ವಿದ್ಯುತ್ತು ಬೇಕು, ಫಿಲಮ್ಮು ಬೇಕು, ಕೆಟ್ಟರೆ ಸರಿಪಡಿಸುವವನು ಬೇಕು. ಇದಕ್ಕೆ ಬೇಕಾದುದು ಕಿಟಕಿಯ ಬೆಳಕು ಮತ್ತು ನೋಡಬೇಕೆಂಬ ಮನಸ್ಸು.

1962ರ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮವು ಈ ಅಡಿಪಾಯದ ಮೇಲೆ ಎದ್ದಿತು. ರೋಗಿಯನ್ನು ಹುಡುಕಿಕೊಂಡು ಹೋಗುವುದಕ್ಕೆ ಮೊದಲು, ತಾನಾಗಿ ಬಂದವನನ್ನು ಗುರುತಿಸುವುದು. ಅದಕ್ಕಾಗಿ ಪ್ರತ್ಯೇಕವಾದ ಕ್ಷಯದ ಆಸ್ಪತ್ರೆಗಳನ್ನು ಕಟ್ಟದೆ, ಜಿಲ್ಲೆಯಲ್ಲಿರುವ ಎಲ್ಲ ಸಾಮಾನ್ಯ ಆಸ್ಪತ್ರೆಗಳಲ್ಲಿಯೂ ಕಫಪರೀಕ್ಷೆ ನಡೆಯುವಂತೆ ಮಾಡುವುದು. ಜಿಲ್ಲೆಗೊಂದು ಕ್ಷಯಕೇಂದ್ರ, ಅದಕ್ಕೊಬ್ಬ ಅಧಿಕಾರಿ, ಅವನಿಗೆ ಕೆಲವರು ಸಹಾಯಕರು. ಪಾವಗಡದ ಗಡಿಗೆ ಹೊಂದಿಕೊಂಡಿರುವ ಅನಂತಪುರ ಜಿಲ್ಲೆಯಲ್ಲಿ ಈ ಕ್ರಮವನ್ನು ಮೊದಲು ಆಡಿಸಿ ನೋಡಿದರು; ದೇಶದ ಮೂಲೆಮೂಲೆಗಳ ಜಿಲ್ಲಾ ತಂಡಗಳು ಅವಲಾನ್ ಬಂಗಲೆಗೆ ಬಂದು ತರಬೇತಿ ಪಡೆದು ಹೋದುವು.

ಕಾಗದದ ಮೇಲೆ ಇದಕ್ಕಿಂತ ವಿವೇಕವುಳ್ಳ ಯೋಜನೆಯನ್ನು ನಾನು ಕಂಡಿಲ್ಲ. ನಡೆದುಬಂದ ರೀತಿ ಮಾತ್ರ ಬೇರೆಯಾಯಿತು. ಸಾಮಾನ್ಯ ಆಸ್ಪತ್ರೆಗಳೇ ಸೊರಗಿದ್ದುವು. ಕುಟುಂಬಯೋಜನೆಯ ಗುರಿ ಮುಟ್ಟಿಸುವ ಒತ್ತಡದಲ್ಲಿ ಕಫದ ಗಾಜುಪಟ್ಟಿಯನ್ನು ನೋಡುವ ವೇಳೆ ಯಾರಿಗೂ ಇರಲಿಲ್ಲ. ಔಷಧವು ಒಂದು ತಿಂಗಳು ಬಂದರೆ ಇನ್ನೊಂದು ತಿಂಗಳು ಬರುತ್ತಿರಲಿಲ್ಲ. 1972–73ರಲ್ಲಿ ಸಂಸ್ಥೆಯವರು ಮತ್ತೆ ತುಮಕೂರು ಜಿಲ್ಲೆಗೆ ಬಂದು, ಹನ್ನೆರಡು ವರ್ಷಗಳ ಹಿಂದಿನ ಸಮೀಕ್ಷೆಯ ಹಳ್ಳಿಗಳಲ್ಲಿಯೇ ಪುನಃ ಪರೀಕ್ಷೆ ನಡೆಸಿದಾಗ, ರೋಗಿಗಳ ಪ್ರಮಾಣದಲ್ಲಿ ಗಣನೀಯವಾದ ಇಳಿತ ಕಾಣಲಿಲ್ಲ. ಈ ನಡುವೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ಅದೇ ಸಂಸ್ಥೆಯು ಐದು ವರ್ಷಗಳ ಕಾಲ ಜನರ ಜಾಡನ್ನು ಹಿಡಿದು ನಡೆಸಿದ ಅಧ್ಯಯನವು ಇನ್ನೂ ಕಠೋರವಾದ ಸತ್ಯವನ್ನು ಹೇಳಿದ್ದಿತು: ಕಫದಲ್ಲಿ ರೋಗಾಣು ಕಂಡವರಲ್ಲಿ, ಐದು ವರ್ಷ ಕಳೆಯುವುದರೊಳಗೆ ಅರ್ಧದಷ್ಟು ಮಂದಿ ತೀರಿಕೊಂಡಿದ್ದರು, ಮೂರರಲ್ಲೊಂದು ಪಾಲಿನವರು ದೇಹದ ಶಕ್ತಿಯಿಂದಲೇ ಗುಣವಾಗಿದ್ದರು, ಉಳಿದವರು ರೋಗವನ್ನು ಹೊತ್ತು ಹಂಚುತ್ತ ಬದುಕಿದ್ದರು. ಔಷಧವಿಲ್ಲದ ಕ್ಷಯದ ಗತಿ ಏನೆಂಬುದನ್ನು ಜಗತ್ತಿನ ಪಠ್ಯಗ್ರಂಥಗಳು ಇಂದಿಗೂ ಈ ಹಳ್ಳಿಗಳ ಲೆಕ್ಕದಿಂದಲೇ ಹೇಳುತ್ತವೆ. ಆ ಅರ್ಧದಷ್ಟು ಮಂದಿಯ ಮರಣವು ನಮ್ಮ ಪಕ್ಕದ ಊರುಗಳಲ್ಲಿ ಸಂಭವಿಸಿದುದೆಂಬುದನ್ನು ನೆನೆದಾಗ ಆ ಪುಟಗಳನ್ನು ನಿರ್ವಿಕಾರವಾಗಿ ಓದುವುದು ನನ್ನಿಂದಾಗದು.

ಇಂಥ ಸ್ಥಿತಿಯಲ್ಲಿ ಎಚ್‌ಐವಿ ಬಂದಿತು. 1986ರಲ್ಲಿ ಮದರಾಸಿನಲ್ಲಿ ಡಾಕ್ಟರ್ ಸುನೀತಿ ಸೊಲೊಮನ್ನರ ತಂಡವು ಭಾರತದ ಮೊದಲ ಸೋಂಕುಗಳನ್ನು ಗುರುತಿಸಿತು. ಕ್ಷಯದ ಸೋಂಕು ಒಳಗಿದ್ದು, ಬೇರೆ ವಿಧದಲ್ಲಿ ಆರೋಗ್ಯವಾಗಿರುವವನಿಗೆ ಅದು ರೋಗವಾಗಿ ಹೊರಬೀಳುವ ಸಂಭವವು ಇಡೀ ಆಯುಸ್ಸಿನಲ್ಲಿ ನೂರಕ್ಕೆ ಐದರಿಂದ ಹತ್ತು. ಎಚ್‌ಐವಿಯೂ ಸೇರಿ, ಔಷಧವೂ ಇಲ್ಲದಿದ್ದರೆ, ವರ್ಷವೊಂದಕ್ಕೇ ನೂರಕ್ಕೆ ಹತ್ತರ ಸಮೀಪ. ತುಮಕೂರಿನಲ್ಲಿ ನೂರಕ್ಕೆ 38 ಮಂದಿಯೊಳಗೆ ಅಡಗಿದ್ದ ಸೋಂಕನ್ನು ಜ್ಞಾಪಿಸಿಕೊಂಡರೆ, ಈ ಎರಡು ವ್ಯಾಧಿಗಳು ಒಂದೇ ದೇಹದಲ್ಲಿ ಸಂಧಿಸುವುದು ಎಷ್ಟು ಭಯಾನಕವೆಂಬುದು ವಿಶದವಾಗುವುದು. ಎಚ್‌ಐವಿ ಸೋಂಕಿತರನ್ನು ಲೋಕದಲ್ಲೆಲ್ಲ ಹೆಚ್ಚಾಗಿ ಕೊಂದುದು ಕ್ಷಯವೇ. ಕರ್ನಾಟಕದಲ್ಲಿ ಬೆಳಗಾವಿ ಬಾಗಲಕೋಟೆಗಳ ಕಡೆ ಸೋಂಕು ತೀವ್ರವಾಗಿದ್ದಿತು. ಹೆದ್ದಾರಿಯ ಮೇಲಿರುವ ತುಮಕೂರಿಗೂ ಅದರ ಬಿಸಿ ತಟ್ಟದೆ ಉಳಿಯಲಿಲ್ಲ. ಕ್ಷಯದ ಹೆಸರನ್ನೇ ಮುಚ್ಚಿಡುತ್ತಿದ್ದ ಮನೆಗಳು ಈ ಹೊಸ ಹೆಸರನ್ನು ಇನ್ನೆಷ್ಟು ಆಳದಲ್ಲಿ ಹುಗಿದುವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಚ್‌ಐವಿಗೆ ಔಷಧವು 1996ರ ಸುಮಾರಿಗೇ ಸಿದ್ಧವಾಗಿದ್ದಿತು. ಮೂರು ಔಷಧಗಳನ್ನು ಕೂಡಿಸಿ ಕೊಟ್ಟರೆ ಸಾವಿನ ಅಂಚಿನಲ್ಲಿದ್ದವರು ಎದ್ದು ಕೂರುತ್ತಿದ್ದರು. ಆದರೆ ಒಬ್ಬ ರೋಗಿಗೆ ವರ್ಷಕ್ಕೆ 10,000 ಡಾಲರಿಗೂ ಮೀರಿದ ಬೆಲೆ. 2001ರ ಫೆಬ್ರುವರಿಯಲ್ಲಿ ಮುಂಬಯಿಯ ಸಿಪ್ಲಾ ಸಂಸ್ಥೆಯ ಯೂಸುಫ್ ಹಮೀದ್ ಅವರು ಅದೇ ಔಷಧಗಳನ್ನು ವರ್ಷಕ್ಕೆ 350 ಡಾಲರಿಗೆ ಕೊಡುವುದಾಗಿ ಹೇಳಿದಾಗ, ಬೆಲೆಯ ನೆಪವು ಕುಸಿದುಬಿದ್ದಿತು. ಆಗ ಬೇರೊಂದು ನೆಪವು ತಲೆಯೆತ್ತಿತು. ಆ ವರ್ಷ ಅಮೆರಿಕದ ವಿದೇಶಸಹಾಯ ಸಂಸ್ಥೆಯ ಮುಖ್ಯಸ್ಥರಾಗಿದ್ದ ಆಂಡ್ರೂ ನಾಟ್ಸಿಯೋಸ್ ಎಂಬವರು, ಆಫ್ರಿಕದ ಜನರಿಗೆ ಗಡಿಯಾರದ ಹೊತ್ತಿನ ರೂಢಿಯಿಲ್ಲ, ಆದುದರಿಂದ ಹೊತ್ತುಹೊತ್ತಿಗೆ ನುಂಗಬೇಕಾದ ಈ ಮಾತ್ರೆಗಳು ಅವರಿಗೆ ಸಲ್ಲವೆಂಬ ಅರ್ಥ ಬರುವಂತೆ ಮಾತನಾಡಿದರು. ತುಮಕೂರಿನ ಚರಿತ್ರೆಯನ್ನು ಓದಿದವರಿಗೆ ಈ ಮಾತಿನ ಪೂರ್ವಜನ್ಮ ಕೂಡಲೇ ತಿಳಿಯುವುದು. ಹಳ್ಳಿಗನಿಗೆ ತನ್ನ ಕೆಮ್ಮಿನ ಪರಿವೆಯಿಲ್ಲವೆಂದು 1960ರಲ್ಲಿ ಹೇಳಿದವರ ಮಾತೂ ಇದೇ. ಇದಕ್ಕೂ ಉತ್ತರವು ಲೆಕ್ಕದಿಂದಲೇ ಬಂದಿತು: ಔಷಧವನ್ನು ತಪ್ಪದೆ ನುಂಗುವವರ ಪ್ರಮಾಣವು ಆಫ್ರಿಕದಲ್ಲಿ ನೂರಕ್ಕೆ 77, ಉತ್ತರ ಅಮೆರಿಕದಲ್ಲಿ ನೂರಕ್ಕೆ 55 ಎಂದು, ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ತೋರಿಸಿತು. ಗಡಿಯಾರವಿಲ್ಲದವರು ಹೊತ್ತನ್ನು ಪಾಲಿಸಿದರು.

ಭಾರತವು 2004ರ ಏಪ್ರಿಲ್ 1ರಂದು, ಕರ್ನಾಟಕವೂ ಸೇರಿ ಸೋಂಕು ಹೆಚ್ಚಾಗಿದ್ದ ಆರು ರಾಜ್ಯಗಳಲ್ಲಿ ಎಚ್‌ಐವಿಯ ಔಷಧವನ್ನು ಉಚಿತವಾಗಿ ಕೊಡಲಾರಂಭಿಸಿತು. ಇಡೀ ದೇಶಕ್ಕೆ ಮೊದಲಿಗೆ ಇದ್ದುವು ಬೆರಳೆಣಿಕೆಯ ಕೇಂದ್ರಗಳು. ಅವುಗಳಲ್ಲೊಂದು ಬೆಂಗಳೂರಿನ ಬೌರಿಂಗ್ ಆಸ್ಪತ್ರೆ. ಕುಣಿಗಲಿನಿಂದಲೋ ಗುಬ್ಬಿಯಿಂದಲೋ ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋದಂತೆ, ಬಸ್ಸಿನ ಖರ್ಚು ಬೇರೆ, ಎಲ್ಲಿಗೆ ಹೋಗಿದ್ದೆಯೆಂದು ಕೇಳುವ ನೆರೆಹೊರೆಯವರಿಗೆ ಹೇಳಬೇಕಾದ ಸುಳ್ಳು ಬೇರೆ. ಕ್ರಮೇಣ ಈ ಔಷಧವನ್ನು ಕೊಡುವ ಏಆರ್‌ಟಿ ಕೇಂದ್ರಗಳು ಜಿಲ್ಲಾಸ್ಪತ್ರೆಗಳಿಗೂ, ಅವುಗಳ ಉಪಕೇಂದ್ರಗಳು ತಾಲ್ಲೂಕುಗಳಿಗೂ ಹತ್ತಿರವಾಗುತ್ತ ಬಂದುವು. ಎರಡೂ ವ್ಯಾಧಿಗಳುಳ್ಳವನಿಗೆ ಚಿಕಿತ್ಸೆ ನೀಡುವುದು ಸೂಕ್ಷ್ಮವಾದ ಕೆಲಸ. ಕ್ಷಯಕ್ಕೆ ಅತಿಮುಖ್ಯವಾದ ರಿಫಾಂಪಿಸಿನ್, ಎಚ್‌ಐವಿಯ ನೆವಿರಪಿನ್ ಎಂಬ ಔಷಧದ ಮಟ್ಟವನ್ನು ರಕ್ತದಲ್ಲಿ ಇಳಿಸಿಬಿಡುತ್ತದೆ, ಆದುದರಿಂದ ಅದಕ್ಕೆ ಬದಲಾಗಿ ಎಫಾವಿರೆಂಜ್ ಕೊಡಬೇಕಾಗುತ್ತಿದ್ದಿತು. ಒಂದು ಕೊಠಡಿಯ ವೈದ್ಯರಿಗೆ ಇನ್ನೊಂದು ಕೊಠಡಿಯವರು ಕೊಡುತ್ತಿರುವುದು ತಿಳಿಯದಿದ್ದರೆ ರೋಗಿಗೆ ಅಪಾಯ. ಕ್ಷಯರೋಗಿಗೆ ಎಚ್‌ಐವಿ ಪರೀಕ್ಷೆ, ಎಚ್‌ಐವಿ ಸೋಂಕಿತನಿಗೆ ಕೆಮ್ಮಿನ ವಿಚಾರಣೆ ಎಂಬ ಕ್ರಮವು ನೆಲೆಗೊಳ್ಳಲು ವರ್ಷಗಳು ಹಿಡಿದುವು.

ಇದೇ ಕಾಲದಲ್ಲಿ ಕ್ಷಯದ ಕಾರ್ಯಕ್ರಮವೂ ಹೊಸ ರೂಪ ಪಡೆದಿದ್ದಿತು. 1992ರ ಪರಾಮರ್ಶೆಯಲ್ಲಿ, ಚಿಕಿತ್ಸೆ ಆರಂಭಿಸಿದವರಲ್ಲಿ ಅದನ್ನು ಪೂರೈಸುವವರು ಅರ್ಧಕ್ಕಿಂತ ಕಡಮೆಯೆಂದು ಕಂಡುಬಂದ ಬಳಿಕ, 1993ರಲ್ಲಿ ಪ್ರಯೋಗಾರ್ಥವಾಗಿಯೂ 1997ರಿಂದ ವಿಸ್ತಾರವಾಗಿಯೂ ಪರಿಷ್ಕೃತ ಕಾರ್ಯಕ್ರಮವು ಆರಂಭವಾಗಿ, 2006ರ ಮಾರ್ಚಿನ ಹೊತ್ತಿಗೆ ದೇಶವನ್ನೆಲ್ಲ ವ್ಯಾಪಿಸಿತು. ಅದರಲ್ಲಿ ನನಗೆ ಮೆಚ್ಚಿಗೆಯಾದುದು ಒಂದು ರಟ್ಟಿನ ಪೆಟ್ಟಿಗೆ. ರೋಗವೆಂದು ಗೊತ್ತಾದ ದಿನವೇ ಆ ರೋಗಿಯ ಹೆಸರನ್ನು ಬರೆದು, ಚಿಕಿತ್ಸೆಯ ಆರಂಭದಿಂದ ಕಡೆಯವರೆಗೆ ಬೇಕಾಗುವ ಮಾತ್ರೆಗಳನ್ನೆಲ್ಲ ಅವನೊಬ್ಬನಿಗೇ ಮೀಸಲಾಗಿ ತೆಗೆದಿಟ್ಟ ಪೆಟ್ಟಿಗೆ. ಹೊಸ ರೋಗಿಗೆ ಕೆಂಪು, ಹಿಂದೆ ಚಿಕಿತ್ಸೆ ಪಡೆದವನಿಗೆ ನೀಲಿ. ಅಂಗನವಾಡಿಯಲ್ಲಿಯೋ ಉಪಕೇಂದ್ರದಲ್ಲಿಯೋ ಆಶಾ ಕಾರ್ಯಕರ್ತೆಯ ಮನೆಯಲ್ಲಿಯೋ ಅದನ್ನಿಟ್ಟು, ಎದುರಿಗೆ ನುಂಗಿಸುತ್ತಿದ್ದರು. ಉಗ್ರಾಣದಲ್ಲಿ ಔಷಧ ಮುಗಿಯಿತೆಂದು ಅವನನ್ನು ಹಿಂದಕ್ಕೆ ಕಳುಹಿಸುವಂತಿರಲಿಲ್ಲ, ಅವನ ಪಾಲನ್ನು ಮತ್ತೊಬ್ಬನಿಗೆ ಕೊಡುವಂತಿರಲಿಲ್ಲ. ರೋಗಿಯು ಔಷಧ ಬಿಟ್ಟನೆಂದು ಅದುವರೆಗೆ ದೂರಲಾಗುತ್ತಿದ್ದಿತು. ಆಸ್ಪತ್ರೆಯು ರೋಗಿಯನ್ನು ಬಿಡದಂತೆ ಕಟ್ಟಿಹಾಕಿದುದು ಈ ಪೆಟ್ಟಿಗೆ. ಎದುರಿಗೆ ನುಂಗಿಸುವ ಪದ್ಧತಿಯಲ್ಲಿ ರೋಗಿಯ ಮೇಲಣ ಅವಿಶ್ವಾಸದ ಛಾಯೆಯಿದೆಯೆಂಬ ಆಕ್ಷೇಪಣೆಯನ್ನು ನಾನು ಒಪ್ಪುತ್ತೇನೆ. ಹೆಸರು ಬರೆದಿಟ್ಟ ಪೆಟ್ಟಿಗೆಯಲ್ಲಿರುವ ಗೌರವವನ್ನು ಅದಕ್ಕಿಂತ ದೊಡ್ಡದೆಂದು ಎಣಿಸುತ್ತೇನೆ. 2017ರಿಂದ ವಾರಕ್ಕೆ ಮೂರು ಸಲದ ಬದಲು ದಿನವೂ ನುಂಗುವ ಕ್ರಮ ಬಂದಿತು. 2018ರಿಂದ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿಯೂ, 2024ರ ನವೆಂಬರಿನಿಂದ 1,000 ರೂಪಾಯಿಯೂ ರೋಗಿಯ ಖಾತೆಗೆ ಸೇರತೊಡಗಿತು.

ಈಗಿನ ಶೆಟ್ಟಿಹಳ್ಳಿಯಲ್ಲಿ ಕೆಮ್ಮುವವನು ಮೊದಲು ಹೋಗುವುದು ಮೆಡಿಕಲ್ ಸ್ಟೋರಿಗೆ. ಅಲ್ಲಿ ಚೀಟಿಯಿಲ್ಲದೆಯೇ ಒಂದು ಸಿರಪ್ಪು, ಐದು ದಿನಕ್ಕಾಗುವ ಮಾತ್ರೆ. ಗುಣವಾಗದಿದ್ದರೆ ಖಾಸಗಿ ಕ್ಲಿನಿಕ್ಕು, ಇನ್ನೊಂದು ಬಗೆಯ ಮಾತ್ರೆ. ಎರಡು ವಾರ ಮೀರಿದ ಕೆಮ್ಮಿಗೆ ಕಫಪರೀಕ್ಷೆಯಾಗಬೇಕೆಂಬ ನಿಯಮವು ಸರ್ಕಾರಿ ಆಸ್ಪತ್ರೆಯ ಗೋಡೆಯ ಮೇಲಿದೆ. ಕ್ಷಯರೋಗಿಯನ್ನು ಕಂಡ ಖಾಸಗಿ ವೈದ್ಯರೂ ವರದಿಮಾಡಬೇಕೆಂಬ ಆಜ್ಞೆ 2012ರಿಂದಲೇ ಇದೆ. ಆದರೂ ಮೊದಲ ಕೆಮ್ಮಿಗೂ ಮೊದಲ ಪರೀಕ್ಷೆಗೂ ನಡುವೆ ಕಳೆದುಹೋಗುವ ವಾರಗಳಲ್ಲಿ ರೋಗಿಯ ಶ್ವಾಸಕೋಶವೂ ಸವೆಯುತ್ತದೆ, ಮನೆಯ ಮಕ್ಕಳಿಗೂ ಸೋಂಕು ಹೊಗುತ್ತದೆ. ಬ್ಯಾನರ್ಜಿಯವರೂ ಆಂಡರ್ಸನ್ನರೂ ಕೇಳಿದ ಪ್ರಶ್ನೆಗಳನ್ನು, ಅದೇ ತುಮಕೂರು ಜಿಲ್ಲೆಯ ಅದೇ 34 ಹಳ್ಳಿಗಳಲ್ಲಿ, ಅದೇ ಸಹನೆಯಿಂದ, ಯಾರು ರೋಗಿಯೆಂಬುದು ಕೇಳುವವರಿಗೆ ತಿಳಿಯದಂತೆ ಮತ್ತೊಮ್ಮೆ ಕೇಳಬೇಕು. ಈ ಸಲ ಎಚ್‌ಐವಿಯ ಔಷಧ ನುಂಗುತ್ತಿರುವವರನ್ನೂ ಸೇರಿಸಿಕೊಳ್ಳಬೇಕು. ಎಲ್ಲಿಗೆ ಹೋದಿರಿ, ಏನು ಹೇಳಿದಿರಿ, ಏನು ಕೊಟ್ಟು ಕಳುಹಿಸಿದರು ಎಂಬುದನ್ನು ಅವರ ಬಾಯಿಂದಲೇ ಬರೆದುಕೊಂಡು, ಹೋದ ಬಾಗಿಲುಗಳನ್ನೆಲ್ಲ ಒಂದೊಂದಾಗಿ, ಮೆಡಿಕಲ್ ಸ್ಟೋರಿನಿಂದ ಮೊದಲ್ಗೊಂಡು, ಪರೀಕ್ಷಿಸಬೇಕು. ಬೆಂಗಳೂರಿನ ಸಂಸ್ಥೆಯು ಇದ್ದಲ್ಲಿಯೇ ಇದೆ. ತುಮಕೂರು ಅಲ್ಲಿಂದ ಎರಡು ಗಂಟೆಯ ಹಾದಿ.